ಕೆಂಪು ಪಟ್ಟಿ ಇಲ್ಲದ ಸವಾರಿ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈದುಕೊಳ್ಳಬೇಡಿ. ಬಲಗೈ ಬೇರೆ ಕೆಲಸದಲ್ಲಿದೆ. ಅದೇನು ಕೆಲಸ ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯಬೇಕಾಗಿದೆ. ಕಾಗದ ನನ್ನದೇ, ಬಟ್ಟೆ ಕತ್ತರಿಸುವ ಮುಂಚೆ ಅಳತೆಯ ಗುರುತು ಹಾಕಿಕೊಳ್ಳುವ ಕಂದು ಕಾಗದ. ಪೆನ್ಸಿಲು ಯಾವಾಗಲೂ ನನ್ನ ಕಿವಿಯ ಮೇಲೆ ಇರುವಂಥದು. ಹೆದರಿಕೆಯಾದಾಗ ಸುಮ್ಮನೆ ನಿಲ್ಲುವುದು ನನ್ನ ಜಾಯಮಾನದಲ್ಲಿಲ್ಲ, ಕೈಗೊಂದು ಕೆಲಸ ಬೇಕು. ಈಗ ಖಾಲಿ ಇರುವುದು ಎಡಗೈ ಒಂದೇ.

ನನ್ನ ಹೆಸರು ರಕುಮಾಬಾಯಿ. ಪೇಟೆಬೀದಿಯ ತಿರುವಿನಲ್ಲಿ ನಮ್ಮ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನದರಲ್ಲಿ ಅಡಿಗೆ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಬೀದಿಯಲ್ಲಿ ಸವಾರಿ ಹೋಗುತ್ತದೆ. ಸವಾರಿ ಎಂದರೆ ಐದು ಯುದ್ಧವಿಮಾನ. ಗುಡ್ಡದ ಹಿಂದಿನ ಶೆಡ್ಡಿನಿಂದ ಹೊರಟು ಚಕ್ರದ ಮೇಲೆ ಉರುಳಿಕೊಂಡು ಬರುತ್ತವೆ. ಮುಂದೊಂದು, ಅದರ ಹಿಂದೆ ಎರಡು, ಅವುಗಳ ಹಿಂದೆ ಇನ್ನೆರಡು. ಒಂದರ ರೆಕ್ಕೆಯ ಹಿಂದೆಯೇ ಇನ್ನೊಂದರ ರೆಕ್ಕೆ, ನಡುವೆ ಒಂದು ಮೊಳ ಜಾಗ ಇದ್ದರೆ ಹೆಚ್ಚು. ನಮ್ಮ ತಿರುವು ದಾಟಿದರೆ ಹೊಳೆಯ ತನಕ ನೆಟ್ಟನೆಯ ದಾರಿ. ಅಲ್ಲಿ ಹೊಳೆಯ ಕಡೆ ಮೂತಿ ಮಾಡಿ ನಿಂತು ಅರ್ಧ ಗಂಟೆ ಗರ್ಜಿಸಿ, ಮಧ್ಯಾಹ್ನಕ್ಕೆ ಊರ ಹೊರಗಿನ ರಸ್ತೆಯಲ್ಲಿ ಶೆಡ್ಡಿಗೆ ವಾಪಸಾಗುತ್ತವೆ. ಹೊರಗೆ ಅಷ್ಟು ಅಗಲದ ರಸ್ತೆ ಇರುವಾಗ ಹೋಗುವುದು ಯಾಕೆ ಊರೊಳಗೆ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕೇಳಿದ್ದೆ. "ಮದುಮಗನ್ನ ಯಾರಾದ್ರೂ ಹಿತ್ಲಿಂದ ಕಳಿಸ್ತಾರೇನೆ?" ಅಂದಿದ್ದರು ನಮ್ಮತ್ತೆ. ಆಮೇಲೆ ನಾನೂ ಕೇಳಲಿಲ್ಲ.

ಈ ಊರಿನಲ್ಲಿ ಸವಾರಿಗೆ ಹೊಂದಿಕೊಳ್ಳದೆ ಇರುವುದು ಯಾವುದೂ ಇಲ್ಲ. ಮನೆಗಳ ಸೂರನ್ನು ರೆಕ್ಕೆಯ ಅಳತೆಗೆ ಕೊಯ್ದಿದ್ದಾರೆ. ಅಂಗಡಿಗಳ ಬೋರ್ಡಿಗೆ ಬಾಗಿಲಿನ ಹಾಗೆ ತಿರುಗಣಿ, ಒಂಬತ್ತು ಇಪ್ಪತ್ತಕ್ಕೆ ಎಲ್ಲರೂ ಮಡಿಸುತ್ತಾರೆ. ಎದುರಿನ ಪಾತ್ರೆ ಅಂಗಡಿ ಕೊಟ್ರಯ್ಯ ಕೊಡಪಾನಗಳ ನಡುವೆ ಗೋಣಿತಟ್ಟು ತುರುಕುತ್ತಾನೆ, ಇಲ್ಲದಿದ್ದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆದು ನೆಗ್ಗಿಹೋಗುತ್ತವೆ. ನಮ್ಮ ಕೂಸುಗಳು ಆ ಸದ್ದಿನಲ್ಲಿ ನಿದ್ದೆ ಮಾಡುತ್ತವೆ, ಸದ್ದು ನಿಂತರೆ ಎದ್ದು ಅಳುತ್ತವೆ. ಮಾತಿಗೂ ಒಂದು ಪದ್ಧತಿ ಇದೆ. ಸವಾರಿ ತಿರುವಿಗೆ ಬಂದಾಗ ಯಾರ ಬಾಯಲ್ಲಿ ಯಾವ ಮಾತು ಇದೆಯೋ ಅದನ್ನು ಅಲ್ಲಿಗೇ ಹಿಡಿದು, ಸದ್ದು ಹೋದ ಮೇಲೆ ಅದೇ ಪದದಿಂದ ಮುಂದುವರಿಸಬೇಕು. ಕೂಗಿ ಹೇಳುವಂತಿಲ್ಲ, ಸನ್ನೆ ಮಾಡಿಯೋ ಬರೆದೋ ಮುಗಿಸುವಂತಿಲ್ಲ, ಮೊದಲಿಂದ ಶುರು ಮಾಡುವಂತೆಯೂ ಇಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮ ಮಾವ "ಹುಡುಗಿ ನಮಗೆ" ಎಂದು ನಿಲ್ಲಿಸಿ, ಇಪ್ಪತ್ತು ನಿಮಿಷದ ಮೇಲೆ "ಒಪ್ಪಿಗೆ" ಅಂದರಂತೆ. ಅಷ್ಟು ಹೊತ್ತೂ ನಮ್ಮಪ್ಪ ಬೆವರು ಒರೆಸಿಕೊಳ್ಳುತ್ತ ಕೂತಿದ್ದನಂತೆ.

ನನ್ನ ಕೆಲಸ ಎರಡು. ಒಂದು, ಕೆಂಪು ಪಟ್ಟಿ ಹೊಲಿಯುವುದು. ವಿಮಾನದ ಮೈಯಲ್ಲಿ, ರೆಕ್ಕೆಯ ಅಡಿಯಲ್ಲಿ ಅಲ್ಲಲ್ಲಿ ಪಿನ್ನು ಚುಚ್ಚಿರುತ್ತಾರೆ. ಆ ಪಿನ್ನು ಇರುವ ತನಕ ವಿಮಾನ ಹೊತ್ತಿರುವ ಸಾಮಾನು ಕೆಳಗೆ ಬೀಳುವುದಿಲ್ಲ. ಅದು ಯಾವ ಸಾಮಾನು ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಿನ್ನು ಇದೆ ಎಂದು ದೂರದಿಂದಲೇ ಕಾಣಲಿ ಅಂತ ಒಂದೊಂದಕ್ಕೂ ಗೇಣುದ್ದದ ಕೆಂಪು ಪಟ್ಟಿ. ವಿಮಾನಕ್ಕೆ ಏಳು. ಕೆಂಪು ಪಟ್ಟಿ ಹಾರಾಡುತ್ತಿದ್ದರೆ ವಿಮಾನ ಹಾರುವುದಿಲ್ಲ ಎಂದು ಅರ್ಥ. ಅದನ್ನು ನೋಡಿಯೇ ನಾವು ಒಲೆಯ ಮೇಲೆ ಅನ್ನಕ್ಕೆ ಇಡುವುದು.

ಇನ್ನೊಂದು ಕೆಲಸ ಕೈ ಹಿಡಿಯುವುದು. ವಿಮಾನದೊಳಗೆ ಕೂತವನಿಗೆ ತನ್ನ ರೆಕ್ಕೆಯ ತುದಿ ಕಾಣುವುದಿಲ್ಲ. ತಿರುವಿನ ಆ ಕಡೆ ಕೊಟ್ರಯ್ಯ, ಈ ಕಡೆ ನಮ್ಮ ಜಗುಲಿಯ ಮೇಲೆ ನಾನು. ತೋಳನ್ನು ಪಕ್ಕಕ್ಕೆ ಚಾಚಿದರೆ ಜಾಗ ಇದೆ, ಬಾ ಎಂದು. ಯಾವುದಾದರೂ ಪಟ್ಟಿ ಕಳಚಿಬಿದ್ದದ್ದು ಕಂಡರೆ ಕೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಬೇಕು. ಆಗ ಐದೂ ನಿಲ್ಲುತ್ತವೆ. ಯಾರಾದರೂ ಓಡಿ ಹೋಗಿ ಪಟ್ಟಿ ಕಟ್ಟುತ್ತಾರೆ, ಕೈ ಇಳಿಸುತ್ತೇವೆ, ಹೊರಡುತ್ತವೆ. ವರ್ಷದಲ್ಲಿ ನಾಲ್ಕೈದು ಸಲ ಹೀಗಾಗುತ್ತದೆ.

ಎತ್ತಿದವರೇ ಕೈ ಇಳಿಸಬೇಕು, ಬೇರೆಯವರು ಮುಟ್ಟಬಾರದು ಎಂಬ ನಿಯಮ ಮೊದಲು ಇರಲಿಲ್ಲ. ಅದು ನನ್ನ ಗಂಡನಿಂದ ಬಂದದ್ದು. ಆಗ ಕೈ ಹಿಡಿಯುತ್ತಿದ್ದದ್ದು ನಮ್ಮತ್ತೆ. ಅವರು ಕೈ ಎತ್ತಿದ್ದರು, ನನ್ನ ಗಂಡ ಎರಡನೆಯ ವಿಮಾನದ ಅಡಿಯಲ್ಲಿ ಪಟ್ಟಿ ಕಟ್ಟುತ್ತಿದ್ದರು. ಕೊಟ್ರಯ್ಯನ ಅಪ್ಪನಿಗೆ ಅವತ್ತು ಅಂಗಡಿ ತೆಗೆಯುವ ಅವಸರ. "ಆಯ್ತಲ್ಲಮ್ಮ" ಎನ್ನುವವನ ಹಾಗೆ ಅತ್ತೆಯ ಕೈ ಹಿಡಿದು ಕೆಳಗೆ ಎಳೆದುಬಿಟ್ಟ. ಹೆಚ್ಚು ಬರೆಯಲಾರೆ. ಆಮೇಲೆ ಅತ್ತೆಯ ಜಾಗದಲ್ಲಿ ನಾನು ನಿಂತೆ. ಅವತ್ತಿನಿಂದ ಎತ್ತಿದ ಕೈಯನ್ನು ಊರಿನವರಾಗಲಿ, ಗುಡ್ಡದ ಕಚೇರಿಯವರಾಗಲಿ, ಯಾರೂ ಮುಟ್ಟುವುದಿಲ್ಲ. ಅಪ್ಪ ಸತ್ತ ಮೇಲೆ ಕೊಟ್ರಯ್ಯ ಅಂಗಡಿಗೆ ಕೂತ. ಹತ್ತೊಂಬತ್ತು ವರ್ಷದಿಂದ ನನಗೆ ನೀರು ಸೇದಿಕೊಡುತ್ತಾನೆ. ಬೇಡ ಎಂದರೂ ಕೇಳುವುದಿಲ್ಲ.

ಇನ್ನು ತುಳಸಾ. ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು, ನನ್ನ ತಂಗಿ. ಅವ್ವ ಹೋದ ಮೇಲೆ ಅವಳ ತಲೆ ಬಾಚಿ, ಹೇನು ತೆಗೆದು, ಹೊಲಿಗೆ ಕಲಿಸಿದವಳು ನಾನು. ಹೊಳೆಯ ಆಚೆ ದಂಡೆಯ ಊರಿಗೆ ನಾನೇ ಮುಂದೆ ನಿಂತು ಕೊಟ್ಟೆ. ಆಗ ದೋಣಿ ಇತ್ತು. ಮೂರು ವರ್ಷದಿಂದ ದೋಣಿ ಇಲ್ಲ, ಕಾಗದ ಇಲ್ಲ. ಆಚೆಯವರು ನಮಗೆ ಆಗದವರು ಎಂದು ಯಾರೋ ಎಲ್ಲೋ ತೀರ್ಮಾನ ಮಾಡಿದರು. ಆದರೆ ನಮ್ಮ ಮಾಳಿಗೆ ಹತ್ತಿದರೆ ಅವಳ ಮಾಳಿಗೆ ಕಾಣುತ್ತದೆ. ಕೊನೆಯ ದೋಣಿಯಲ್ಲಿ ಅವಳು ಹೋಗುವಾಗ ನಾವಿಬ್ಬರೂ ಮಾತಾಡಿಕೊಂಡೆವು. ಅವಳು ದಿನಾ ಹಸಿರು ಸೀರೆಯನ್ನು ಗೋಡೆಯ ಮೇಲೆ ಇಳಿಬಿಡಬೇಕು, ಅದಕ್ಕೆ ಪಟ್ಟಿಯಲ್ಲಿ ಉಳಿದ ಕೆಂಪು ಬಟ್ಟೆಯ ಅಂಚು ಕಟ್ಟಿಕೊಟ್ಟೆ, ನೂರರಲ್ಲಿದ್ದರೂ ಗುರುತು ಸಿಗಲಿ ಎಂದು. ಸೀರೆ ಇದ್ದರೆ ಅವಳು ಇದ್ದಾಳೆ. ಊರು ಬಿಟ್ಟು ಹೊರಟರೆ ಸೀರೆ ತೆಗೆಯಬೇಕು. ನಾನು ನನ್ನ ಮಾಳಿಗೆಯ ಮೇಲೆ ಕೆಂಪು ಬಟ್ಟೆ ಹಾಸಿದರೆ ಅವಳು ಒಂದು ಗಳಿಗೆಯೂ ನಿಲ್ಲದೆ ಹೊರಡಬೇಕು.

"ಹೊರಡು ಅಂದ್ರೆ ಎಲ್ಲಿಗಕ್ಕ? ನಮ್ಮತ್ತೆ ಹಾಸಿಗೆಯಿಂದ ಏಳಲ್ಲ. ಅವರನ್ನ ಬಿಟ್ಟು ನಾನ್ ಹೋಗಾಕಾಗ್ತದಾ?" ಅಂದಿದ್ದಳು.

"ಎಲ್ಲಿಗಾದ್ರೂ ಹಾಳಾಗ್ ಹೋಗು, ಅಲ್ಲಿರಬೇಡ ಅಷ್ಟೇ" ಅಂದಿದ್ದೆ. ನಾನು ಅವಳಿಗೆ ಕಿವಿಯಾರೆ ಕೇಳುವಂತೆ ಹೇಳಿದ ಕೊನೆಯ ಮಾತು ಅದು. ಒಳ್ಳೆಯ ಮಾತು ಹೇಳಿ ಕಳಿಸುವುದಕ್ಕೆ ನನ್ನ ನಾಲಿಗೆಗೆ ಏನು ಬಂದಿತ್ತೋ!

ನಿನ್ನೆ ಸೋಮವಾರ. ಸೋಮವಾರ ಸಂಜೆ ಗುಡ್ಡದ ಕಚೇರಿಯ ಮೋನಪ್ಪ ಸೈಕಲ್ಲಿನಲ್ಲಿ ಹರಿದ ಪಟ್ಟಿ ತಂದುಕೊಟ್ಟು ಹೊಸದು ತೆಗೆದುಕೊಂಡು ಹೋಗುತ್ತಾನೆ. ನಿನ್ನೆ ಬಂದ, ಕೈಯಲ್ಲಿ ಏನೂ ಇರಲಿಲ್ಲ. ಕೂತ, ನೀರು ಕುಡಿದ.

"ಹರಿದ ಪಟ್ಟಿ ಎಲ್ಲಪ್ಪ?" ಅಂದೆ.

"ಈ ವಾರ ಬೇಡವಂತಮ್ಮ."

"ಹೊಸದು ಹನ್ನೆರಡು ಹೊಲಿದಿಟ್ಟಿದೀನಿ."

"ಇಟ್ಕೊಂಡಿರಿ. ಹೇಳಿದಾಗ ಕೊಡೋರಂತೆ." ಮುಖ ಎತ್ತಲೇ ಇಲ್ಲ. ಸೈಕಲ್ ಹತ್ತುವಾಗ ಪೆಡಲ್ಲಿಗೆ ಕಾಲು ಸಿಗದೆ ಎರಡು ಸಲ ಜಾರಿತು.

ಮೆಷಿನ್ನಿನ ಪಕ್ಕದಲ್ಲಿದ್ದ ಕೆಂಪು ಬಟ್ಟೆಯ ಥಾನನ್ನು ಹೊತ್ತುಕೊಂಡು ಮಾಳಿಗೆ ಹತ್ತಿ, ಇನ್ನೂ ಬೆಳಕಿರುವಾಗಲೇ ಉದ್ದಕ್ಕೂ ಹಾಸಿದೆ, ನಾಲ್ಕು ಮೂಲೆಗೂ ಕಲ್ಲು ಇಟ್ಟೆ. ಆಚೆ ದಂಡೆಯಲ್ಲಿ ಹಸಿರು ಸೀರೆ ಹಾಗೇ ಇತ್ತು. ಕತ್ತಲಾಗಿ ಕಾಣದಂತಾಗುವ ತನಕ ನೋಡಿದೆ, ಯಾರೂ ಬಂದು ತೆಗೆಯಲಿಲ್ಲ. ಕೆಳಗಿಳಿದು ಬಂದಾಗ ಕೊಟ್ರಯ್ಯ ಬಾಗಿಲಲ್ಲಿ ನಿಂತಿದ್ದ.

"ಇಷ್ಟು ವರ್ಷ ಬರೀ ಉರುಳಿಕೊಂಡು ಹೋಗಿ ಬಂದಿದಾವೆ ಕೊಟ್ರಯ್ಯ, ನಾಳೆಯೂ ಹಂಗೇ ಬರ್ತಾವೆ ಅಲ್ವಾ?" ಎಂದು ಕೇಳಿದೆ. ಹೌದು ಎನ್ನಲಿ ಎಂದೇ ಕೇಳಿದ್ದು.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳೇನಕ್ಕ?" ಅಂದ ಅವನು. ಸಮಾಧಾನ ಹೇಳುವುದರಲ್ಲಿ ನಮ್ಮ ಕೊಟ್ರಯ್ಯ ಹೀಗೆ.

ಇವತ್ತು ಬೆಳಿಗ್ಗೆ ಮಂಜು. ಮಾಳಿಗೆ ಹತ್ತಿದರೆ ಹೊಳೆಯೇ ಕಾಣಲಿಲ್ಲ, ಆಚೆ ದಂಡೆ ಎಲ್ಲಿಂದ ಕಾಣಬೇಕು? ಇಳಿದು ಬಂದು ಮುಖ ತೊಳೆದು ಜಗುಲಿಯ ಮೇಲೆ ನಿಂತೆ. ನಿಜ ಹೇಳುತ್ತೇನೆ, ನಾನು ಧೈರ್ಯದ ಹೆಂಗಸಲ್ಲ. ಏನೇ ಆಗಲಿ, ತೋಳು ಚಾಚಿ ಸುಮ್ಮನೆ ನಿಂತುಬಿಡುತ್ತೇನೆ, ಮೇಲಿನವರ ವಿಚಾರಕ್ಕೆ ಸಿಂಪಿಗರ ಮುದುಕಿ ತಲೆ ಹಾಕಿದರೆ ತಲೆ ಉಳಿಯುತ್ತದೆಯೇ ಎಂದು ಅಂದುಕೊಂಡೇ ನಿಂತಿದ್ದೆ. ಬೋರ್ಡುಗಳು ಮಡಿಸಿಕೊಂಡವು. ದೂರದಲ್ಲಿ ಸದ್ದು ಶುರುವಾಯಿತು, ಅಂಗಾಲಿನಿಂದ ಮೊದಲು ಗೊತ್ತಾಗುವಂಥ ಸದ್ದು. ಕೊಟ್ರಯ್ಯ ಎಲ್ಲಿಗೋ ಹೋಗಿದ್ದವನು ಏದುಸಿರು ಬಿಡುತ್ತ ಓಡಿ ಬಂದು ತನ್ನ ಕಟ್ಟೆ ಹತ್ತಿ, ನನ್ನ ಕಡೆ ತಿರುಗಿ, "ರಕುಮಕ್ಕಾ, ಇವತ್ತು ಏನೇ ಕಂಡ್ರೂ" ಅಂದ. ಅಷ್ಟರಲ್ಲಿ ಮೊದಲ ವಿಮಾನದ ಮೂತಿ ತಿರುವಿಗೆ ಬಂತು. ಅವನು ಮಾತನ್ನು ಅಲ್ಲಿಗೇ ಹಿಡಿದ.

ಮೂತಿ ನಮ್ಮ ಜಗುಲಿ ದಾಟಿತು. ರೆಕ್ಕೆ ನನ್ನ ತಲೆಯ ಮೇಲೆ ಸರಿಯತೊಡಗಿತು. ನನ್ನ ಕಣ್ಣು ತಾನಾಗಿ ಎಣಿಸಹೊರಟಿತು, ಮೂತಿಯ ಹತ್ತಿರ ಒಂದು ಇರಬೇಕು, ಚಕ್ರದ ಹತ್ತಿರ ಎರಡು. ಮೂತಿಯ ಹತ್ತಿರ ಪಟ್ಟಿ ಇರಲಿಲ್ಲ. ಅಷ್ಟೇ. ಮೆಷಿನ್ನಿನ ಮುಂದೆ ಕೂತರೆ ಕಾಲು ತುಳಿಯಲು ತಲೆಯ ಅಪ್ಪಣೆ ಕೇಳುತ್ತದೆಯೇ? ಪಟ್ಟಿ ಇಲ್ಲ ಎಂದು ತಲೆಗೆ ಗೊತ್ತಾಗುವುದರೊಳಗೆ ನನ್ನ ಬಲಗೈ ತಲೆಯ ಮೇಲೆ ಹೋಗಿತ್ತು. ಹತ್ತೊಂಬತ್ತು ವರ್ಷದ ಅಭ್ಯಾಸ.

ಐದೂ ನಿಂತವು.

ಆಮೇಲೆ ನೋಡಿದೆ. ಚಕ್ರದ ಹತ್ತಿರವೂ ಪಟ್ಟಿ ಇಲ್ಲ, ರೆಕ್ಕೆಯ ಅಡಿಯಲ್ಲೂ ಇಲ್ಲ. ಹಿಂದಿನದರಲ್ಲೂ ಇಲ್ಲ, ಅದರ ಹಿಂದಿನದರಲ್ಲೂ ಇಲ್ಲ. ಪಟ್ಟಿ ಕಳಚಿಬಿದ್ದದ್ದಲ್ಲ, ತೆಗೆದದ್ದು. ಬೋಳು ಹಣೆಗಳ ಹಾಗೆ ಐದೂ ನಿಂತಿದ್ದವು. ಕೈ ಇಳಿಸಿದರೆ ಮುಂದಿನದು ಉರುಳುತ್ತದೆ, ತಿರುವು ದಾಟುತ್ತದೆ, ಓಡುತ್ತದೆ, ಹಾರುತ್ತದೆ. ಹೊಳೆ ದಾಟಲು ಅವಕ್ಕೆ ಎಷ್ಟು ಹೊತ್ತು? ನಾನೊಂದು ಗುಂಡಿ ಹೊಲಿಯುವಷ್ಟು ಹೊತ್ತು ಕೂಡ ಬೇಡ. ಇಳಿಸದಿದ್ದರೆ ನನಗೆ ಏನಾಗುತ್ತದೆ ಎಂದು ಗೊತ್ತಿಲ್ಲ. ಎರಡಕ್ಕೂ ಹೆದರಿದೆ. ಹೆದರಿ ನಿಂತದ್ದಕ್ಕೆ ಕೈ ಹಾಗೇ ಉಳಿಯಿತು, ಬೇರೆ ಏನೂ ಶೂರತನ ಇಲ್ಲ.

ಅವು ಹಿಂದಕ್ಕೆ ಹೋಗಲಾರವು. ಪಕ್ಕಕ್ಕೆ ಮನೆಗಳು. ರೆಕ್ಕೆಗೆ ರೆಕ್ಕೆ ಹೆಣೆದುಕೊಂಡು ಬಂದದ್ದಕ್ಕೆ ಒಂದನ್ನು ಬಿಟ್ಟು ಒಂದು ಕದಲುವಂತೆಯೂ ಇಲ್ಲ. ಹತ್ತು ನಿಮಿಷದಲ್ಲಿ ಮೋನಪ್ಪ ರೆಕ್ಕೆಗಳ ಅಡಿಯಲ್ಲಿ ಬಗ್ಗಿಕೊಂಡು ಓಡಿ ಬಂದ. ಕೈ ಮುಗಿದ, ಗಡಿಯಾರ ತೋರಿಸಿದ. ನನ್ನ ತೋಳಿನ ಹತ್ತಿರ ಅವನ ಕೈ ಬಂದು, ಮುಟ್ಟದೆ ಹಿಂದೆ ಹೋಯಿತು. ಕಡೆಗೆ ನನ್ನ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ "ಇಳಿಸಿ" ಎಂದು ಬರೆದ. ನಾನು ಎಡಗೈಯಲ್ಲಿ ಅದರ ಕೆಳಗೆ "ಪಟ್ಟಿ ಕಟ್ಟಿ, ಇಳಿಸ್ತೀನಿ" ಎಂದು ಬರೆದೆ. ನಿಯಮ ಅದೇ ತಾನೆ? ಅವನು ಅದರ ಕೆಳಗೆ "ಇವತ್ತು ಪಟ್ಟಿ ಇಲ್ಲ" ಎಂದು ಬರೆದ. ಹೊಲಿದಿಟ್ಟ ಹನ್ನೆರಡು ಪಟ್ಟಿ ಅವನ ಕಾಲಿನ ಪಕ್ಕದ ಬುಟ್ಟಿಯಲ್ಲೇ ಇದ್ದವು. ನೋಡಿದ, ಕಣ್ಣು ಒರೆಸಿಕೊಂಡ, ಬಂದ ದಾರಿಯಲ್ಲೇ ಬಗ್ಗಿಕೊಂಡು ಹೋದ.

ಹನ್ನೊಂದು ಗಂಟೆಯ ಹೊತ್ತಿಗೆ ತೋಳು ನನ್ನದಲ್ಲ ಅನ್ನಿಸತೊಡಗಿತು. ಮೊದಲು ಉರಿ, ಆಮೇಲೆ ಇರುವೆ ಹರಿದ ಹಾಗೆ, ಆಮೇಲೆ ಏನೂ ಇಲ್ಲ. ಬೆರಳು ನಡುಗುವುದು ಕಂಡಿರಬೇಕು, ಕೊಟ್ರಯ್ಯ ಅಂಗಡಿಯಿಂದ ಎರಡು ತಾಮ್ರದ ಹಂಡೆ ಹೊತ್ತು ವಿಮಾನದ ಹೊಟ್ಟೆಯ ಅಡಿಯಲ್ಲಿ ನುಸುಳಿ ಬಂದ. ಒಂದರ ಮೇಲೆ ಒಂದು ಬೋರಲು ಹಾಕಿದ. ಮೇಲೆ ಕೊಡಪಾನ, ಅದರ ಮೇಲೆ ಗೋಣಿತಟ್ಟು. ನನ್ನನ್ನು ಮುಟ್ಟಲಿಲ್ಲ, ಹಂಡೆಗಳನ್ನೇ ಸರಿಸಿ ಸರಿಸಿ ನನ್ನ ಮೊಣಕೈಯ ಅಡಿಗೆ ತಂದಿಟ್ಟ. ಆಮೇಲೆ ನನಗೆ ಬೆನ್ನು ಮಾಡಿ, ಬೀದಿಯ ಕಡೆ ತಿರುಗಿ ನಿಂತುಕೊಂಡ. ಯಾರಾದರೂ ಎಳೆಯಲು ಬಂದರೆ ತಡೆಯುವುದಕ್ಕೆ. ಅವನ ಅಪ್ಪ ನಿಂತಿದ್ದ ಜಾಗ ಅದೇ. ಬೆಳಗಿನ ಮಾತು ಅವನ ಬಾಯಲ್ಲಿ ಇನ್ನೂ ಹಾಗೇ ಇತ್ತು, ಎರಡು ಸಲ ತುಟಿ ತೆರೆದು ಮುಚ್ಚಿದ. ಆಗಿನಿಂದ ನಾನು ಬರೆಯುತ್ತಿದ್ದೇನೆ.

ಮೊದಲ ವಿಮಾನದವನನ್ನು ನಾನು ದಿನಾ ನೋಡುತ್ತೇನೆ, ಆದರೆ ಮುಖ ಕಂಡಿಲ್ಲ. ಕಪ್ಪು ಗಾಜು, ಅದರ ಕೆಳಗೊಂದು ಗದ್ದ. ತಿರುವಿನಲ್ಲಿ ಆ ಗದ್ದ ನನಗೆ ಒಂಚೂರು ಬಾಗುತ್ತಿತ್ತು, ಅಷ್ಟೇ ನಮ್ಮ ಪರಿಚಯ. ಹನ್ನೆರಡು ಹೊಡೆದ ಮೇಲೆ ಅವನು ಕಪ್ಪು ಗಾಜನ್ನು ಮೇಲೆತ್ತಿದ. ಬೈಯುತ್ತಾನೆ ಎಂದುಕೊಂಡೆ. ಮೂವತ್ತು ದಾಟಿರದ ಮುಖ, ಗೋಡೆಗೆ ಹೊಡೆಯುವ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನನ್ನನ್ನೇ ನೋಡುತ್ತ, ಗಾಜಿನೊಳಗೆ, ಹಿಂದಿನವರಿಗೆ ಕಾಣದ ಹಾಗೆ, ಎದೆಯ ಹತ್ತಿರ ತನ್ನ ಅಂಗೈಯನ್ನು ಮೇಲೆತ್ತಿ ಹಿಡಿದ. ಇಳಿಸು ಎನ್ನುವ ಸನ್ನೆಯಲ್ಲ. ಹಿಡಿದಿರು ಎಂದು. ನಾನು ಎತ್ತಿದ್ದರೆ ಮಾತ್ರ ಅವನು ನಿಲ್ಲಬಹುದು, ತಾನಾಗಿ ನಿಲ್ಲುವ ಹಾಗಿಲ್ಲ. ಅದು ತಿಳಿದ ಮೇಲೆ ನನ್ನ ಹೆದರಿಕೆ ಇಮ್ಮಡಿಯಾಯಿತು. ಅಷ್ಟು ಹೊತ್ತು ಹೊಳೆಯ ಆಚೆಯವರ ಜೀವ ಮಾತ್ರ ನನ್ನ ಕೈಯಲ್ಲಿತ್ತು.

ಆಗ ಕಡೆಯ ಸಾಲಿನಲ್ಲಿ ಒಂದರ ಸದ್ದು ಕುಂದಿತು. ಸಿಳ್ಳೆಯ ಹಾಗೆ ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಸ್ವಲ್ಪ ಹೊತ್ತಿಗೆ ಅದರ ಜೊತೆಯದು. ಆಗ ನನಗೆ ಹೊಳೆಯಿತು, ಬೆಳಗಿನಿಂದ ನಿಂತಲ್ಲೇ ಎಣ್ಣೆ ಸುಡುತ್ತಿವೆ, ತೀರುತ್ತಿದೆ. ಎರಡನೆಯ ಸಾಲೂ ನಿಂತಿತು. ಕಡೆಗೆ ಮುಂದಿನದು ಒಂದೇ ಕೂಗುತ್ತಿತ್ತು. ಒಂದು ಗಂಟೆಯ ಸುಮಾರಿಗೆ ಅದೂ ನಿಂತಿತು.

ಬೀದಿಯಲ್ಲಿ ಸವಾರಿ ಇದ್ದೂ ಸದ್ದಿಲ್ಲದ್ದನ್ನು ಈ ಊರು ಕಂಡೇ ಇರಲಿಲ್ಲ. ಮನೆಮನೆಯಲ್ಲಿ ಕೂಸುಗಳು ಒಟ್ಟಿಗೆ ಅಳತೊಡಗಿದವು. ಕೊಟ್ರಯ್ಯ ನನ್ನ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡು, ಬೆಳಿಗ್ಗೆ ಹಿಡಿದಿಟ್ಟಿದ್ದ ಮಾತನ್ನು ಆ ಪದದಿಂದಲೇ ಮುಗಿಸಿದ.

"ಕೈ ಮಾತ್ರ ಎತ್ತಬೇಡ."

ನಾನು ನಕ್ಕುಬಿಟ್ಟೆ. ಅವನೂ ನಕ್ಕ, ನಗುತ್ತ ನಗುತ್ತ ಅತ್ತ. "ಪಟ್ಟಿ ತೆಗೆದವ್ರೆ ಅಂತ ಗುಡ್ಡದ ಹತ್ರ ಕೇಳ್ದೆ ಕಣಕ್ಕ, ನಿನಗೇನಾದ್ರೂ ಆದ್ರೆ ಅಂತ ಓಡಿಬಂದೆ" ಅಂದ. ಒಂದು ಮಾತು ಎರಡು ಗಳಿಗೆ ಮುಂಚೆ ಹುಟ್ಟಿದ್ದರೆ ಈಗ ಆಚೆ ದಂಡೆ ಏನಾಗಿರುತ್ತಿತ್ತೋ.

"ಈಗಲಾದ್ರೂ ಇಳಿಸಕ್ಕ."

"ಅದು ನೋಡು" ಅಂದೆ. ಗುಡ್ಡದ ಕಡೆಯಿಂದ ಎಣ್ಣೆಯ ಲಾರಿಗಳು ಹೊರಗಿನ ರಸ್ತೆ ಹಿಡಿದು ಬರುತ್ತಿದ್ದವು. ಒಂದು ಆಗಲೇ ತಿರುವಿನ ಆ ಬದಿಗೆ ಬಂದು, ಮುಂದಿನ ವಿಮಾನಕ್ಕೆ ಕೊಳವೆ ಹಚ್ಚುತ್ತಿತ್ತು. ಮಂಜು ಪೂರ್ತಿ ಹರಿದು ಬಿಸಿಲು ಬಂದಿತ್ತು. "ಕೊಟ್ರಯ್ಯ, ಬೇಗ ಮಾಳಿಗೆ ಹತ್ತು. ಹೊಳೆಯಾಚೆ ಎಡಗಡೆ, ಬೇವಿನ ಮರದ ಪಕ್ಕದ ಮಾಳಿಗೆ. ಹಸಿರು ಸೀರೆ, ಕೆಂಪು ಅಂಚು. ಇದೆಯಾ ಇಲ್ಲವಾ ನೋಡಿ ಹೇಳು."

ಇಲ್ಲ ಎಂದರೆ ಅವಳು ನನ್ನ ಕೆಂಪು ಬಟ್ಟೆ ಕಂಡು ಹೊರಟಿದ್ದಾಳೆ. ಇದೆ ಎಂದರೆ ಅಲ್ಲೇ ಇದ್ದಾಳೆ, ಅತ್ತೆಯ ಹಾಸಿಗೆಯ ಪಕ್ಕದಲ್ಲಿ. ಅಲ್ಲಿ ಉಳಿದ ಮಾಳಿಗೆಗಳ ಮೇಲೆ ಒಣಗುವ ಬಟ್ಟೆಗಳೂ ಯಾರ್ಯಾರದೋ ಅಕ್ಕತಂಗಿಯರವೇ. ಗೊತ್ತು. ಆದರೂ ನನಗೆ ಮೊದಲು ಅವಳದು ಬೇಕು.

ಕೊಟ್ರಯ್ಯನ ಹೆಜ್ಜೆ ಮೆಟ್ಟಿಲ ಮೇಲೆ ದಡದಡ ಕೇಳಿತು. ತಲೆಯ ಮೇಲಿನ ಮಾಳಿಗೆಯ ಅಂಚಿಗೆ ಬಂದ. ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಲಾರಿಯವರು ಕೊಳವೆ ಕಳಚಿದರು. ಕೊಟ್ರಯ್ಯ ನನ್ನ ಕಡೆ ಬಗ್ಗಿ, "ಅಕ್ಕಾ, ಹಸಿರು ಸೀರೆ" ಅಂದ. ಅಷ್ಟರಲ್ಲಿ ಮುಂದಿನ ವಿಮಾನ ಮತ್ತೆ ಕೂಗಿತು.

ಅವನು ಅಲ್ಲಿಗೇ ಹಿಡಿದ. ಈಗಲೂ ಮೇಲೆ ನಿಂತಿದ್ದಾನೆ, ಬಾಯಿ ಅರ್ಧ ತೆರೆದು. ಬಿಸಿಲು ಅವನ ಹಿಂದಿದೆ, ಮುಖ ನೋಡಿ ಏನೂ ಗೊತ್ತಾಗುತ್ತಿಲ್ಲ. ಹಿಂದಿನ ನಾಲ್ಕಕ್ಕೂ ಎಣ್ಣೆ ತುಂಬುತ್ತಿದ್ದಾರೆ. ಕಾಗದ ಮುಗಿಯುತ್ತ ಬಂತು. ಅವನ ಮಾತು ಮುಗಿಯಬೇಕಾದರೆ ಇವು ಇನ್ನೊಮ್ಮೆ ಸುಮ್ಮನಾಗಬೇಕು, ಇವು ಸುಮ್ಮನಾಗಬೇಕಾದರೆ ಈ ಕೈ ಹೀಗೇ ಇರಬೇಕು. ಗಾಜಿನೊಳಗೆ ಆ ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆ. ಹಂಡೆಯ ಮೇಲೆ ನನ್ನ ಮೊಣಕೈ ನಡುಗಿ, ತಾಮ್ರ ಸಣ್ಣಗೆ ಸದ್ದು ಮಾಡುತ್ತಿರುವುದು ನನಗೆ ಕೇಳಿಸುವುದಿಲ್ಲ, ಮೂಳೆಯಲ್ಲಿ ಗೊತ್ತಾಗುತ್ತದೆ.